ಏಸಾ ಹುಟ್ಟಿದ ಊರು

ಸೇಂಟ್ ಆ್ಯಂಡ್ರೂಸ್,
೨ ಮೇ ೧೮೧೪

ಪ್ರೀತಿಯ ಅಕ್ಕ,

ದೋಣಿಯ ಪೆಲಗ್ ಮುದುಕ ನೀನು ಕಳಿಸಿದ ಹೊಗೆಮೀನಿನ ಕಟ್ಟು ತಂದುಕೊಟ್ಟ. ನಿಮ್ಮ ಅಮೆರಿಕಕ್ಕೂ ನಮ್ಮ ಇಂಗ್ಲೆಂಡಿನ ರಾಜನಿಗೂ ಯುದ್ಧ ಶುರುವಾಗಿ ಎರಡು ವರ್ಷವಾಗುತ್ತ ಬಂತು. ನಿನ್ನ ಮೀನು ಮಾತ್ರ ಈ ಕೊಲ್ಲಿ ದಾಟುವುದನ್ನು ಒಂದು ಸಲವೂ ತಪ್ಪಿಸಿಲ್ಲ. ದೋಣಿ ದಡಕ್ಕೆ ತಗುಲಿಸಿ ಪೆಲಗ್ ಕಾವಲಿನವನಿಗೆ ಹೇಳಿದ್ದು ಕೇಳಿದ್ದರೆ ನೀನು ನಗುತ್ತಿದ್ದೆ. "ಶತ್ರು ಬಂದಿದೀನಿ ಕಣಪ್ಪ, ಹಗ್ಗ ಹಿಡಿ." ಕಾವಲಿನವನು ನಗಲಿಲ್ಲ. ಹ್ಯಾಲಿಫ್ಯಾಕ್ಸ್‌ನಿಂದ ಬಂದ ಹೊಸಬ. ಹಗ್ಗವನ್ನೂ ಹಿಡಿಯಲಿಲ್ಲ.

ಹೊಸಬರು ಬಹಳ ಜನ ಬಂದಿದ್ದಾರೆ. ನಮ್ಮವರು ಮ್ಯಾಜಿಸ್ಟ್ರೇಟರಾದಾಗಿನಿಂದ ಮನೆಗೆ ಅಧಿಕಾರಿಗಳು ಬಂದುಹೋಗುವುದು ಇದ್ದದ್ದೇ. ಇವರು ಊಟದ ಮೇಜಿನ ಮೇಲೆ ನಕಾಶೆ ಹರಡಿಕೊಂಡು ಕೂರುತ್ತಾರೆ. ನಾನು ಚಹಾ ತಂದರೆ ಮಾತು ನಿಲ್ಲುತ್ತದೆ. ಮೊನ್ನೆ ಒಬ್ಬ ಮಾತ್ರ ನಿಲ್ಲಿಸಲಿಲ್ಲ. ಚಿಕ್ಕ ವಯಸ್ಸಿನವನು, ಬ್ರೆಡ್ಡಿಗೆ ಹಚ್ಚಿದ ಜೇನು ಬೆರಳಿಗೆಲ್ಲ ಮೆತ್ತಿಕೊಂಡಿತ್ತು. "ಅಮ್ಮಾವ್ರೇ, ಮೂಸ್ ದ್ವೀಪ ಯಾರದ್ದು ಅಂತೀರಿ?" ಎಂದ.

"ನಮ್ಮಕ್ಕಂದು" ಎಂದೆ. ಎಲ್ಲರೂ ನಕ್ಕರು.

ನಮ್ಮವರು ನಗದೆ ಹೇಳಿದರು. "ಮೂವತ್ತು ವರ್ಷದ ಹಿಂದೆ ಪ್ಯಾರಿಸ್ಸಲ್ಲಿ ಕೂತು ಅವರಿಗೂ ನಮಗೂ ಗಡಿ ಎಳೆದರಲ್ಲ, ಆಗ ಈ ಕೊಲ್ಲಿಯ ದ್ವೀಪಗಳ ವಿಷಯ ನೆಟ್ಟಗೆ ಬರೀಲೇ ಇಲ್ಲ. ಇವರು ಬಂದು ಕೂತುಬಿಟ್ಟರು ಅಷ್ಟೆ. ಒಪ್ಪಂದ ಓದಿದರೆ ಅದು ಮೊದಲಿಂದಲೂ ರಾಜನದ್ದೇ."

ಅವರ ತಂದೆ ಅಮೆರಿಕ ದಂಗೆ ಎದ್ದಾಗ ರಾಜನ ಪಕ್ಷ ಹಿಡಿದು ಮನೆಮಠ ಕಳೆದುಕೊಂಡು ಈ ದಡಕ್ಕೆ ಬಂದವರು. ಇಂಥ ಮಾತು ಈ ಮನೆಗೆ ಹೊಸದಲ್ಲ. ಆದರೆ ಈ ಸಲ ಆ ಹುಡುಗ ಅಧಿಕಾರಿ ಜೇನಿನ ಬೆರಳನ್ನು ನಕಾಶೆಯ ಮೇಲೆ ಇಟ್ಟ, ನಿನ್ನ ಮನೆ ಇರುವ ಕಡೆಗೇ. ಅವನು ಎದ್ದು ಹೋದ ಮೇಲೆ ಅಲ್ಲಿ ನೊಣ ಕೂತಿತ್ತು.

ಈ ಬೇಸಿಗೆಗೆ ಇಲ್ಲಿಗೆ ಬಂದುಬಿಡು ಅಕ್ಕ. ಯಾಕೆ ಎಂದು ಕೇಳಬೇಡ.

ನಿನ್ನ ತಂಗಿ,
ಡಾರ್ಕಸ್


ಮೂಸ್ ದ್ವೀಪ,
೧೯ ಮೇ ೧೮೧೪

ಡಾರ್ಕಸ್,

ಕೇಳಬೇಡ ಎಂದರೆ ಕೇಳದೆ ಇರುವವಳು ನಿನ್ನ ಅಕ್ಕನಲ್ಲ. ಪೆಲಗ್‌ನನ್ನು ಹಿಡಿದು ಕೇಳಿದೆ. "ಆ ದಡದಲ್ಲಿ ಹಡಗಿನ ಬಿಸ್ಕತ್ತು ಸುಡ್ತಾವ್ರೆ ಕೆಜಾಯಮ್ಮ. ಊರೆಲ್ಲ ಘಮಘಮ ಅಂತದೆ. ಅಷ್ಟು ತಿನ್ನೋ ಜನ ಅಲ್ಲಿಲ್ಲ" ಎಂದ. ಇಷ್ಟನ್ನು ನೀನೇ ಬರೆಯಬಹುದಿತ್ತು.

ಬರುವುದಕ್ಕಾಗುವುದಿಲ್ಲ. ಹೆರಿಂಗ್ ಮೀನು ಬೀಳುವ ಕಾಲ. ಜೋಥಮ್ ಮುಳುಗಿ ಹೋದ ಮೇಲೆ ಮೀನಿಗೆ ಹೊಗೆ ಹಾಕಿ ಒಣಗಿಸುವ ಈ ಹೊಗೆಮನೆಯೇ ನನಗೆ ಗಂಡ, ಹೊಲ, ಎಲ್ಲ. ನಮ್ಮ ಕೋಟೆಯ ಸಿಪಾಯಿಗಳು ಫಿರಂಗಿಯ ಹಿಂದೆ ಆಲೂಗಡ್ಡೆ ನೆಟ್ಟಿದ್ದಾರೆ. "ಶತ್ರು ಬಂದ್ರೆ ಏನ್ರಪ್ಪ ಮಾಡ್ತೀರಿ?" ಎಂದರೆ "ಅಗೆದು ಕೊಡ್ತೀವಿ" ಎನ್ನುತ್ತಾರೆ. ಅವರಿಗಿಲ್ಲದ ಭಯ ನನಗೇಕೆ?

ಇನ್ನೊಂದು ಕಾರಣ ನಿನಗೆ ಗೊತ್ತೇ ಇದೆ. ನಾಲ್ಕು ವರ್ಷದ ಹಿಂದೆ ನನ್ನ ಏಸಾನನ್ನು ಮೀನಿನ ದೋಣಿಯಿಂದ ಎಳೆದು ರಾಜನ ಯುದ್ಧದ ಹಡಗಿಗೆ ಹತ್ತಿಸಿದರಲ್ಲ, ಅವತ್ತಿನಿಂದ ನಾನು ಬೇರೆ ಮನೆಯಲ್ಲಿ ಮಲಗಿದವಳಲ್ಲ. ಇವನು ಅಮೆರಿಕದವನು ಎಂದು ಮುದ್ರೆ ಒತ್ತಿದ ಕಾಗದ ಅವನ ಜೇಬಿನಲ್ಲಿತ್ತು. ಓದಿ, ನಕ್ಕು, ನೀರಿಗೆ ಎಸೆದರಂತೆ. ನಾನು ವಾಷಿಂಗ್ಟನ್ನಿಗೆ ಬರೆದೆ. ಅವರು ಲಂಡನ್ನಿನಲ್ಲಿದ್ದ ನಮ್ಮ ಕಾನ್ಸಲ್‌ಗೆ ಬರೆದರು. ಆ ಹೆಸರಿನವರು ಯಾವ ಹಡಗಿನಲ್ಲೂ ಇಲ್ಲ ಎಂದು ಉತ್ತರ ಬಂತು. ಬಹಳ ಮರ್ಯಾದೆಯ ಉತ್ತರ. ಇಂಥ ಹುಡುಗರನ್ನು ಬಿಡಿಸಲೆಂದೇ ಯುದ್ಧ ಎಂದು ವಾಷಿಂಗ್ಟನ್ನಿನವರು ಸಾರಿದರು. ಯುದ್ಧ ಶುರುವಾದ ಮೇಲೆ ಆ ಮರ್ಯಾದೆಯ ಉತ್ತರವೂ ನಿಂತಿತು.

ಅವನು ಹುಟ್ಟಿದ್ದು ಈ ಮನೆಯ ಹಿಂದಿನ ಕೋಣೆಯಲ್ಲಿ. ನೀನಾಗ ಎರಡು ಜಡೆಯ ಹುಡುಗಿ, ಬಿಸಿನೀರಿನ ಪಾತ್ರೆ ಹಿಡಿದು ಬಾಗಿಲಲ್ಲಿ ಅಳುತ್ತಾ ನಿಂತಿದ್ದೆ. ಬರುವುದಿದ್ದರೆ ಅವನು ಈ ಬಾಗಿಲಿಗೇ ಬರುತ್ತಾನೆ. ನಾನು ಇಲ್ಲೇ ಇರುತ್ತೇನೆ.

ನಿನ್ನ ಅಕ್ಕ,
ಕೆಜಾಯ


ಸೇಂಟ್ ಆ್ಯಂಡ್ರೂಸ್,
೨೬ ಜೂನ್ ೧೮೧೪

ಅಕ್ಕ,

ಇನ್ನು ಮೇಲೆ ನನ್ನ ಪತ್ರಗಳನ್ನು ನಮ್ಮವರೇ ಮಡಿಸಿ ಅರಗು ಹಾಕುತ್ತಾರಂತೆ. ನನ್ನ ಕೈ ಸುಟ್ಟೀತು ಎಂದು ಅವರ ಕಾಳಜಿ.

ನಾವು ಕ್ಷೇಮ. ಹವೆ ಚೆನ್ನಾಗಿದೆ. ಗಾಳಿ ಪೂರ್ವದಿಂದ ಬೀಸುತ್ತಿದೆ, ಹ್ಯಾಲಿಫ್ಯಾಕ್ಸ್ ಕಡೆಯಿಂದ. ತಾಯಿಯ ಬೆಳ್ಳಿ ಚಮಚಗಳನ್ನು ನೋಡಬೇಕೆನಿಸಿದೆ. ಪೆಲಗ್ ಕೈಲಿ ಕಳಿಸುತ್ತೀಯಾ? ಎಲ್ಲವನ್ನೂ ಕಳಿಸು.

ಡಾರ್ಕಸ್


ಮೂಸ್ ದ್ವೀಪ,
೧೪ ಜುಲೈ ೧೮೧೪

ಡಾರ್ಕಸ್,

ಚಮಚ ಕಳಿಸಲಿಲ್ಲ. ಅವು ಈಗ ಸೌದೆಯ ರಾಶಿಯ ಕೆಳಗಿವೆ. ನಿನ್ನ ಗಂಡ ಇದನ್ನು ಓದಿದರೆ ಬಂದು ತೆಗೆದುಕೊಂಡು ಹೋಗಲಿ.

ಸೋಮವಾರ ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದೆ. ನೆರೆಮನೆಯವಳು ಏನೂ ಹೇಳದೆ ನನ್ನ ತೋಳು ಹಿಡಿದು ತಿರುಗಿಸಿದಳು. ಕೊಲ್ಲಿಯ ಬಾಯಿ ತುಂಬ ಹಾಯಿ. ಒಂದರ ಹಿಂದೆ ಒಂದು, ಯಾವ ಅವಸರವೂ ಇಲ್ಲದೆ, ಚರ್ಚಿಗೆ ಬರುವವರಂತೆ ಬಂದವು. ಕೋಟೆಯಿಂದ ಒಂದು ಗುಂಡೂ ಹಾರಲಿಲ್ಲ. ಅಷ್ಟು ಹಡಗಿಗೆ ಅಷ್ಟೇ ಫಿರಂಗಿ ಏನು ಮಾಡೀತು? ನಮ್ಮ ಬಾವುಟ ಇಳಿಯಿತು, ಅವರದು ಏರಿತು. ಒಣಹಾಕಿದ ಬಟ್ಟೆ ಇನ್ನೂ ಆರಿರಲಿಲ್ಲ.

ಯಾರಿಗೂ ಹೊಡೆಯಲಿಲ್ಲ, ಏನನ್ನೂ ದೋಚಲಿಲ್ಲ. ಮೊದಲು ನನಗೆ ಧೈರ್ಯ ಬಂದದ್ದು ಅದರಿಂದ, ಆಮೇಲೆ ಭಯ ಹುಟ್ಟಿದ್ದೂ ಅದರಿಂದಲೇ. ಗೆದ್ದುಕೊಂಡವರು ದೋಚುತ್ತಾರೆ. ಇವರು ತಮ್ಮ ಮನೆಗೆ ವಾಪಸು ಬಂದವರ ಹಾಗೆ ಕಿಟಕಿ ಬಾಗಿಲು ನೋಡಿಕೊಂಡು ಓಡಾಡುತ್ತಿದ್ದಾರೆ. ಇವತ್ತು ಡಂಗುರ ಹೊಡೆಸಿದರು. ಶನಿವಾರ ಎಲ್ಲರೂ ಶಾಲೆಮನೆಗೆ ಬರಬೇಕು. ಇರುವವರು ಬೈಬಲ್ ಮುಟ್ಟಿ ರಾಜನ ಪ್ರಜೆ ಎಂದು ಆಣೆ ಮಾಡಬೇಕು. ಒಲ್ಲದವರು ವಾರದೊಳಗೆ ದ್ವೀಪ ಬಿಡಬೇಕು.

ಮನೆ ನೋಡಲು ಬಂದ ಅಧಿಕಾರಿಗೆ ನಾನು, "ನಿಮ್ಮ ರಾಜ ನನ್ನ ಮಗನನ್ನ ತಗೊಂಡಾಗಿದೆ. ಇನ್ನು ನಾನ್ಯಾಕೆ?" ಎಂದೆ.

"ಹಂಗಲ್ಲ ತಾಯಿ. ನೀವು ಮೊದಲಿಂದ್ಲೂ ನಮ್ಮೋರೇ. ನಿಮಗೆ ಗೊತ್ತಿರಲಿಲ್ಲ ಅಷ್ಟೆ" ಎಂದ. ಬಹಳ ಮೆತ್ತಗೆ ಹೇಳಿದ.

ನಾನು ಆಣೆ ಮಾಡುವುದಿಲ್ಲ. ಗಂಟು ಕಟ್ಟಿ ಪೆಲಗ್‌ನ ದೋಣಿಗೆ ಹಾಕಿದ್ದೇನೆ. ಮಚಾಯಸ್‌ಗೆ, ತಾಯಿಯ ಹಳೆಯ ಮನೆಗೆ ಹೋಗುತ್ತೇನೆ. ಏಸಾ ಬಂದರೆ ತಿಳಿಯಲೆಂದು ನೆರೆಯವಳಿಗೆ ಹೇಳಿ ಹೋಗುತ್ತೇನೆ.

ಕೆಜಾಯ


ಮೂಸ್ ದ್ವೀಪ,
೧೭ ಜುಲೈ ೧೮೧೪

ಡಾರ್ಕಸ್,

ನಿನ್ನೆ ಆಣೆ ಮಾಡಿದೆ. ದೋಣಿಯಿಂದ ಗಂಟು ಇಳಿಸಿದೆ. ಇಲ್ಲೇ ಇರುತ್ತೇನೆ.

ಯಾಕೆ ಎಂದು ಕೇಳಬೇಡ.

ಕೆಜಾಯ


ಸೇಂಟ್ ಆ್ಯಂಡ್ರೂಸ್,
೩೧ ಜುಲೈ ೧೮೧೪

ಪ್ರೀತಿಯ ಅಕ್ಕ,

ನಿನ್ನ ಎರಡು ಸಾಲಿನ ಪತ್ರವನ್ನು ನಮ್ಮವರು ಊಟದ ಹೊತ್ತಿಗೆ ಗಟ್ಟಿಯಾಗಿ ಓದಿದರು. ಹೊಸ ಬಾಟಲಿ ತೆರೆಸಿದರು. "ನಿಮ್ಮಕ್ಕಂಗೆ ಕೊನೆಗೂ ಬುದ್ಧಿ ಬಂತು ನೋಡು" ಎಂದರು. ನಾನು ಲೋಟ ಎತ್ತಿದೆ, ಕುಡಿಯಲಿಲ್ಲ. ಈ ಪತ್ರವನ್ನು ಅವರಿಗೆ ತಿಳಿಯದಂತೆ ಪೆಲಗ್ ಕೈಗೇ ಕೊಡುತ್ತಿದ್ದೇನೆ.

ನಿನ್ನನ್ನು ಬಲ್ಲ ನನಗೆ ನಂಬಲಾಗುತ್ತಿಲ್ಲ. ಜೋಥಮ್ ಭಾವ ಬದುಕಿದ್ದಾಗ ನಮ್ಮವರು ಸುಮ್ಮನೆ ರಾಜನ ಹೆಸರಲ್ಲಿ ಲೋಟ ಎತ್ತಿದ್ದಕ್ಕೆ ಅರ್ಧ ಊಟದಲ್ಲಿ ಎದ್ದು ಹೋದವಳು ನೀನು. ನಿನ್ನನ್ನು ಹೆದರಿಸಿದರಾ? ಹೊಡೆದರಾ? ಹೌದಾದರೆ ಮುಂದಿನ ಮೀನಿನ ಕಟ್ಟಿಗೆ ಕೆಂಪು ದಾರ ಸುತ್ತು.

ಇನ್ನೊಂದು ವಿಷಯ. ಆಣೆ ಮಾಡಿದವರ ಆಸ್ತಿ ತಕರಾರು ನೋಡಲು ನಮ್ಮವರನ್ನು ಮೂಸ್ ದ್ವೀಪಕ್ಕೆ ನೇಮಿಸಿದ್ದಾರೆ. ಆಗಸ್ಟ್ ಕೊನೆಗೆ ಬರುತ್ತಾರೆ. "ಅತ್ತಿಗೆ ಮನೆ ಇರೋವಾಗ ಬೇರೆ ಕಡೆ ಯಾಕೆ ಇಳ್ಕೊಳ್ಳಲಿ?" ಎನ್ನುತ್ತಿದ್ದಾರೆ. ಹಿಂದಿನ ಕೋಣೆ ಸಿದ್ಧಮಾಡಬೇಕಂತೆ.

ನಿನ್ನ ತಂಗಿ,
ಡಾರ್ಕಸ್


ಮೂಸ್ ದ್ವೀಪ,
೧೫ ಆಗಸ್ಟ್ ೧೮೧೪

ಡಾರ್ಕಸ್,

ಇದನ್ನು ಪೆಲಗ್ ನಿನ್ನ ಕೈಗೇ ಕೊಡುತ್ತಾನೆ. ಓದಿ ಒಲೆಗೆ ಹಾಕು. ಅವನೆದುರೇ ಹಾಕು.

ಏಸಾ ಇಲ್ಲಿದ್ದಾನೆ.

ಆ ಶನಿವಾರ ಬೆಳಿಗ್ಗೆ ನಾನು ದೋಣಿ ಹತ್ತಲು ದಡದಲ್ಲಿ ನಿಂತಿದ್ದೆ. ಹಡಗಿನಿಂದ ಅಧಿಕಾರಿಗಳನ್ನು ಕರೆತರುವ ದೋಣಿ ಬಂತು. ಹುಟ್ಟು ಹಾಕುತ್ತಿದ್ದವರ ಬೆನ್ನು ನಮ್ಮ ಕಡೆಗಿತ್ತು. ಒಬ್ಬನ ಬೆನ್ನು ನೋಡಿ ದೋಣಿಗಿಟ್ಟ ಕಾಲನ್ನು ಹಿಂದಕ್ಕೆ ತೆಗೆದೆ. ಬೆನ್ನು ನೋಡಿ ಗುರುತು ಸಿಗುತ್ತದೆಯೇ ಎಂದು ಕೇಳಬೇಡ, ನೀನು ಹೆತ್ತಿಲ್ಲ. ಇದನ್ನು ಚುಚ್ಚಲು ಬರೆದದ್ದಲ್ಲ. ಅವನು ಇಳಿದು ಹಗ್ಗ ಕಟ್ಟಿದ. ಮುಖ ಎತ್ತಿದ. ಅಪರಿಚಿತಳನ್ನು ನೋಡುವಂತೆ ನನ್ನನ್ನು ನೋಡಿ ಮುಖ ತಿರುಗಿಸಿದ. ಆಗ ನನಗೆ ತಿಳಿಯಿತು: ಈ ಊರು ಇವನದು ಎಂದು ಹಡಗಿನಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಾಗಬಾರದು. ನಾನು ನೆಟ್ಟಗೆ ಶಾಲೆಮನೆಗೆ ಹೋಗಿ ಸಾಲಿನಲ್ಲಿ ನಿಂತೆ. ಅವರು ಏನು ಹೇಳಿಸಿದರೋ ಅದನ್ನೆಲ್ಲ ಹೇಳಿದೆ.

ಅವರ ಹಡಗು ಬಂದರಿನ ಕಾವಲಿಗೆ ಇಲ್ಲೇ ನಿಂತಿದೆ. ನೀರು ತುಂಬಿಸಲು ಬಂದವರಿಗೆಲ್ಲ ನಾನು ಮಜ್ಜಿಗೆ ಕೊಡುತ್ತೇನೆ. ನಾಲ್ಕು ವರ್ಷದಲ್ಲಿ ಬದಲಾದ ಅವನ ಗುರುತು ಸಿಗದ ಊರಿನವರು ನನ್ನ ಕಡೆ ಉಗುಳುತ್ತಾರೆ. ಹಾಗೆ ಕೊಡುವಾಗಲೇ ನಾಲ್ಕು ಮಾತು.

"ಅಲ್ಲಿ ನನ್ನ ಹೆಸರು ಥಾಮಸ್ ಹಿಲ್ ಅಮ್ಮ" ಎಂದ, ಲೋಟದೊಳಗೆ ಮುಖ ಇಟ್ಟುಕೊಂಡೇ. "ಮೊದಲ್ನೇ ದಿನವೇ ಹಂಗೆ ಬರ್ಕೊಂಡ್ರು. ಅಲ್ಲ ಅಂದಿದ್ದಕ್ಕೆ ಬೆನ್ನ ಮೇಲೆ ಬರೆದ್ರು."

"ಊಟ ಕೊಡ್ತಾರಾ?"

"ಕೊಡ್ತಾರೆ. ಅಳಬೇಡ, ಸಾರ್ಜೆಂಟ್ ನೋಡ್ತವ್ನೆ. ಬೈಯಿ ನನ್ನ."

ನಾನು ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಸಾರ್ಜೆಂಟ್ ನಕ್ಕ.

ಮಂಜು ದಟ್ಟವಾಗಿ ಇಳಿಯುವ ಒಂದು ದಿನ ಅವನು ಓಡುತ್ತಾನೆ. ಹೊಗೆಮನೆಯಲ್ಲಿ ಅಡಗಿಸಿಡುತ್ತೇನೆ, ಪೆಲಗ್ ಆಚೆ ದಾಟಿಸುತ್ತಾನೆ. ಸಿಕ್ಕಿಬಿದ್ದರೆ ನೇಣು. ಅದಕ್ಕೇ ಹೇಳುತ್ತಿದ್ದೇನೆ, ಸೆಪ್ಟೆಂಬರ್ ಕಳೆಯುವವರೆಗೆ ನಿನ್ನ ಗಂಡ ನನ್ನ ಮನೆಗೆ ಬರಬಾರದು. ಕಾಯಿಲೆ ಬೀಳು. ಬಾವಿಗೆ ಬೀಳು. ಏನಾದರೂ ಮಾಡು, ತಡೆ.

ಕೆಜಾಯ


ಸೇಂಟ್ ಆ್ಯಂಡ್ರೂಸ್,
೨೬ ಆಗಸ್ಟ್ ೧೮೧೪

ಅಕ್ಕ,

ಸುಟ್ಟೆ. ಪೆಲಗ್ ನೋಡಿದ್ದಾನೆ. ಇದನ್ನೂ ಅವನೇ ಗುಟ್ಟಾಗಿ ತರುತ್ತಾನೆ.

ಕಾಯಿಲೆ ಎಂದು ಮಲಗಿದೆ. ವೈದ್ಯರನ್ನು ಕರೆಸಿದರು. ಏನೂ ಇಲ್ಲ ಎಂದು ಆತ ಹೇಳಿ ಹೋದ ಮೇಲೆ ನಮ್ಮವರು ಹಾಸಿಗೆಯ ಪಕ್ಕ ಕೂತರು. "ಡಾರ್ಕಸ್, ಹದಿನಾರು ವರ್ಷ ಆಯ್ತು ಮದುವೆಯಾಗಿ. ನೀನು ಸುಳ್ಳು ಹೇಳಿದ್ದನ್ನ ಇವತ್ತೇ ನೋಡಿದ್ದು. ಏನಾಗಿದೆ?" ಎಂದರು. ಗದರಿಸಲಿಲ್ಲ. ಗದರಿಸಿದ್ದರೆ ಬಾಯಿ ಕಟ್ಟಿಕೊಂಡಿರುತ್ತಿದ್ದೆ.

ಹೇಳಿಬಿಟ್ಟೆ. ಏಸಾ ಹಡಗಿನಲ್ಲಿದ್ದಾನೆ ಎಂದಷ್ಟೇ. ಓಡುವ ವಿಷಯ ಹೇಳಲಿಲ್ಲ, ದೇವರಾಣೆ.

ನಿನಗೆ ಈಗ ಹೇಗಾಗುತ್ತಿದೆ ಎಂದು ನನಗೆ ಗೊತ್ತು. ಪೂರ್ತಿ ಓದು. ಅವರು "ಆ ಹುಡುಗನ್ನ ಹಿಡಿದಿದ್ದು ಅನ್ಯಾಯ. ಅಮೆರಿಕದವರನ್ನ ಹಿಡೀಬಾರದು ಅಂತ ನಮ್ಮ ಕಾನೂನೇ ಹೇಳುತ್ತೆ. ಕಾನೂನಿನ ದಾರೀಲೇ ಬಿಡಿಸ್ತೀನಿ" ಎಂದರು. ಅಲ್ಲೇ ಕೂತು ಹಡಗಿನ ಕಪ್ತಾನನಿಗೆ ಅರ್ಜಿ ಬರೆದರು. ನಿಜವಾದ ಹೆಸರು, ತಂದೆ ತಾಯಿ, ಹುಟ್ಟಿದ ಊರು, ಎಲ್ಲ ಚೊಕ್ಕವಾಗಿ ಬರೆದು ತಮ್ಮ ಮುದ್ರೆ ಒತ್ತಿದರು. ಮ್ಯಾಜಿಸ್ಟ್ರೇಟರ ಮಾತನ್ನು ಅವರು ತೆಗೆದುಹಾಕುವುದಿಲ್ಲ. ಏಸಾ ಓಡಬೇಕಾಗಿಯೇ ಇಲ್ಲ ಅಕ್ಕ, ತಲೆ ಎತ್ತಿಕೊಂಡು ಮನೆಗೆ ನಡೆದು ಬರುತ್ತಾನೆ.

ಅವನಿಗೆ ಹೇಗಾದರೂ ತಿಳಿಸು, ಕಾಯಲಿ ಎಂದು.

ಡಾರ್ಕಸ್


ಮೂಸ್ ದ್ವೀಪ,
೨೦ ಸೆಪ್ಟೆಂಬರ್ ೧೮೧೪

ಡಾರ್ಕಸ್,

ಅರ್ಜಿಗೆ ಉತ್ತರ ಬಂತು. ಕಪ್ತಾನ ಅದನ್ನು ಬಾಯಲ್ಲೇ ಹೇಳಿದ, ನನ್ನ ಮನೆಯ ಮೇಜಿನ ಹತ್ತಿರ, ನಿನ್ನ ಗಂಡನಿಗೆ. ನಾನು ಅಲ್ಲೇ ಸೂಪು ಬಡಿಸುತ್ತಿದ್ದೆ.

"ಹುಟ್ಟಿದ್ದು ಮೂಸ್ ದ್ವೀಪ ಅಂತ ನೀವೇ ಬರೆದಿದೀರಿ. ಮೂಸ್ ದ್ವೀಪ ಮೊದಲಿಂದ ರಾಜನದ್ದು ಅಂತ ಎಲ್ಲರಿಗಿಂತ ಮುಂಚೆ ವಾದಿಸಿದೋರೂ ನೀವೇ. ಹಂಗಾದ್ರೆ ಅವನು ಹುಟ್ಟಿನಿಂದ ರಾಜನ ಪ್ರಜೆ. ಅವರಮ್ಮ ಬೈಬಲ್ ಮುಟ್ಟಿ ಒಪ್ಕೊಂಡಿದಾಳೆ. ಇಂಥೋನ್ನ ಯಾವ ಕಾನೂನಲ್ಲಿ ಬಿಡೋದು ಥಾರ್ಬರ್ನ್ ಅವರೇ?"

ನಿನ್ನ ಗಂಡನ ಕೈಯಲ್ಲಿ ಚಮಚ ಹಾಗೇ ನಿಂತಿತು. ನನ್ನದೂ.

ಇವನು ಇದೇ ಊರಿನವನು ಎಂದು ಈಗ ತಿಳಿಯಿತಲ್ಲ, ಅವನನ್ನು ದೂರದ ದ್ವೀಪಗಳಿಗೆ ಹೋಗುವ ಹಡಗಿಗೆ ಹಾಕಲು ಅಪ್ಪಣೆಯಾಯಿತು. ಅದಕ್ಕೆ ಅವನು ಕಾಯಲಿಲ್ಲ. ಮಂಜು ಇನ್ನೂ ತೆಳ್ಳಗಿರುವಾಗಲೇ ನೀರಿನ ಪೀಪಾಯಿ ಬಿಟ್ಟು ಓಡಿ ಬಂದ. ಹೊಗೆಮನೆಯಲ್ಲಿ ಮೇಲಿನ ತೊಲೆಯ ಮೇಲೆ, ನೇತುಹಾಕಿದ ಮೀನಿನ ಸಾಲುಗಳ ಹಿಂದೆ ಹತ್ತಿ ಕೂತ. ಪೆಲಗ್‌ನ ದೋಣಿ ಬರಬೇಕಿತ್ತು, ಸಿಪಾಯಿಗಳು ಮೊದಲು ಬಂದರು.

ಮನೆಯೆಲ್ಲ ಹುಡುಕಿದರು. ಹೊಗೆಮನೆಯಲ್ಲೂ ಕಣ್ಣಾಡಿಸಿ ಹೊರಟೇಬಿಟ್ಟಿದ್ದರು. ಆ ಸಾರ್ಜೆಂಟ್ ಬಾಗಿಲಲ್ಲಿ ನಿಂತ. "ನಮ್ಮೂರಲ್ಲೂ ಹಿಂಗೇ ಹೆರಿಂಗ್ ಮಾಡ್ತಾರೆ ತಾಯಿ. ಮೀನು ತೂಗಾಕಿದೀರಿ, ಹೊಗೆಯೇ ಇಲ್ವಲ್ಲ?"

"ಸೌದೆ ಹಸಿ" ಎಂದೆ.

ಅವನು ಬಗ್ಗಿ ಒಂದು ತುಂಡು ಎತ್ತಿ ಮುರಿದ. ಲಟಕ್ಕನೆ ಮುರಿಯಿತು. "ಒಣಗಿದೆ. ಹಚ್ಚಿ" ಎಂದ.

ನಾನೇ ಹಚ್ಚಿದೆ ಡಾರ್ಕಸ್. ನನ್ನ ಕೈಯಿಂದ. ಹಚ್ಚದಿದ್ದರೆ ಗೊತ್ತಾಗುತ್ತಿತ್ತು. ಹಚ್ಚಿದರೂ ಗೊತ್ತಾಗುತ್ತಿತ್ತು. ಏಸಾ ತಡೆದುಕೊಂಡಾನು ಎಂದುಕೊಂಡೆ. ಹೊಗೆ ಮೇಲೇರುವುದನ್ನು ನಾವೆಲ್ಲ ತಲೆ ಎತ್ತಿ ನೋಡುತ್ತಾ ನಿಂತೆವು. ಸಾರ್ಜೆಂಟ್ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಸೌದೆ ಹಿಂದಕ್ಕೆ ಎಳೆಯಲು ಹೋದೆ, ಅವನು ಬೂಟುಗಾಲಿನಿಂದ ಒಳಕ್ಕೆ ತಳ್ಳಿದ. ಆಮೇಲೆ ಮೇಲಿನಿಂದ ಮಗುವಿನ ಕೆಮ್ಮಿನಂಥ ಒಂದು ಕೆಮ್ಮು.

ನಿನ್ನ ಗಂಡ ಅಂಗಳದಲ್ಲಿ ನಿಂತಿದ್ದರು. ಏಸಾನನ್ನು ಅವರ ಪಕ್ಕದಿಂದಲೇ ಎಳೆದುಕೊಂಡು ಹೋದರು. ಹ್ಯಾಲಿಫ್ಯಾಕ್ಸ್‌ನಲ್ಲಿ ವಿಚಾರಣೆಯಂತೆ. ಅಲ್ಲಿಗೆ ಹೋದವರು ಏನಾಗುತ್ತಾರೆ ಎಂದು ಎಲ್ಲರಿಗೂ ಗೊತ್ತು.

ಕಾಯಲು ಹೇಳು ಎಂದಿದ್ದೆ ನೀನು. ಇನ್ನು ನನಗೆ ಬರೆಯಬೇಡ.

ಕೆಜಾಯ


ಹ್ಯಾಲಿಫ್ಯಾಕ್ಸ್,
೯ ನವೆಂಬರ್ ೧೮೧೪

ಅಕ್ಕ,

ಬರೆಯಬೇಡ ಎಂದಿದ್ದೀಯೆ. ಇದೊಂದನ್ನು ಓದು. ಈ ಪತ್ರವನ್ನು ಇಲ್ಲಿನ ಕಚೇರಿಯವರು ಓದಿಯೇ ಕಳಿಸುತ್ತಾರೆ. ಓದಲಿ. ಮುಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ.

ಅರ್ಜಿ ಬರೆದವರೆಂದು ನಮ್ಮವರನ್ನು ಸಾಕ್ಷಿಗೆ ಕರೆಸಿದರು. ನಾನೂ ಜೊತೆಗೆ ಬಂದೆ. ದಾರಿಯುದ್ದಕ್ಕೂ ನಾವು ಮಾತಾಡಲಿಲ್ಲ. ಏಸಾನನ್ನು ಕಂಡೆ. ತೆಳ್ಳಗಾಗಿದ್ದಾನೆ. ಹೊಗೆ ಕುಡಿದು ಧ್ವನಿ ಒಡೆದಿದೆ. ನಿನ್ನನ್ನು ಕೇಳಿದ. "ಅಮ್ಮನ ಕೈ ಸುಟ್ಟಿಲ್ಲ ತಾನೆ?" ಎಂದ.

ಹಡಗಿನ ಮೇಲೇ ನ್ಯಾಯಪೀಠ. ಕಪ್ತಾನರು ಸಾಲಾಗಿ ಕೂತಿದ್ದರು. ಅವನು ರಾಜನ ಪ್ರಜೆಯಾದರೆ ನೇಣು. ಪರದೇಶದವನಾದರೆ ಬರೀ ಯುದ್ಧಕೈದಿ. ಅಷ್ಟೂ ಮಾತು ಒಂದೇ ಪ್ರಶ್ನೆಗೆ ಬಂದು ನಿಂತಿತು: ಹುಟ್ಟಿದ್ದೆಲ್ಲಿ? ಆಗ ನಾನು ಎದ್ದು ನಿಂತೆ. ಹೆರಿಗೆಯಾದಾಗ ಜೊತೆಗಿದ್ದವಳು ನಾನು, ನನ್ನನ್ನು ಕೇಳಿ ಎಂದೆ. ಬೈಬಲ್ ಕೊಟ್ಟರು.

ಅವನು ಹುಟ್ಟಿದ್ದು ಮಚಾಯಸ್‌ನಲ್ಲಿ, ನಮ್ಮ ತಾಯಿಯ ಮನೆಯಲ್ಲಿ ಎಂದು ಇದ್ದದ್ದನ್ನು ಹೇಳಿದೆ. ಬಾಣಂತನಕ್ಕೆ ತಾಯಿಯ ಮನೆಗೆ ಹೋಗುವುದು ಎಲ್ಲ ಕಡೆಯೂ ಇದ್ದದ್ದೇ ತಾನೆ. ನಿನಗೂ ಚೆನ್ನಾಗಿ ನೆನಪಿರುತ್ತದೆ. ಮಚಾಯಸ್ ಅಮೆರಿಕದ್ದು, ಅದರಲ್ಲಿ ತಕರಾರಿಲ್ಲ. ಈಗ ಅಲ್ಲಿ ನಮ್ಮ ಸೈನ್ಯವಿದ್ದರೂ ಅದು ಯುದ್ಧದಲ್ಲಿ ಗೆದ್ದದ್ದೇ ಹೊರತು ಮೊದಲಿಂದ ನಮ್ಮದು ಎಂದು ಯಾರೂ ಹೇಳಿಲ್ಲ.

"ನಿಮ್ಮ ಯಜಮಾನರು ಮೂಸ್ ದ್ವೀಪ ಅಂತ ಬರೆದಿದಾರಲ್ಲಮ್ಮ?" ಎಂದರು.

ನಮ್ಮವರನ್ನು ಎಬ್ಬಿಸಿದರು. ಅವರು ಎಂಥವರೆಂದು ನಿನಗೆ ಗೊತ್ತು. ತಕ್ಕಡಿಯಲ್ಲಿ ಕೂದಲಷ್ಟು ವ್ಯತ್ಯಾಸ ಬಂದರೂ ನಿದ್ದೆ ಮಾಡದವರು. ಬೈಬಲ್ ಮೇಲೆ ಇಟ್ಟ ಅವರ ಕೈಯನ್ನೇ ನಾನು ನೋಡುತ್ತಿದ್ದೆ. ಮುಖ ನೋಡಲು ಧೈರ್ಯವಾಗಲಿಲ್ಲ. ಹಡಗು ಅಲುಗಾಡಿತು. ಯಾರೋ ಕೆಮ್ಮಿದರು.

"ನಾನು ಬರೆದದ್ದು ತಪ್ಪು" ಎಂದರು. "ವಿಚಾರಿಸದೆ ಬರೆದೆ. ಇಂಥ ವಿಷಯ ಮನೆ ಹೆಂಗಸರಿಗೆ ಗೊತ್ತಿರುತ್ತೆ."

ನೇಣು ತಪ್ಪಿದೆ. ಯುದ್ಧ ಮುಗಿಯುವವರೆಗೆ ಇಲ್ಲಿನ ಸೆರೆಮನೆಯಲ್ಲಿ ಇಡುತ್ತಾರೆ. ಆದರೆ ಒಬ್ಬ ಕಪ್ತಾನನಿಗೆ ಸಮಾಧಾನವಿಲ್ಲ. ಮೂಸ್ ದ್ವೀಪಕ್ಕೆ ಆಳು ಕಳಿಸಿ ವಿಚಾರಿಸುತ್ತಾನಂತೆ. ನಿನ್ನನ್ನು ಕೇಳಿದರೆ ನೆನಪಿರುವುದನ್ನು ಹೇಳು.

ಡಾರ್ಕಸ್


ಮೂಸ್ ದ್ವೀಪ,
೨ ಡಿಸೆಂಬರ್ ೧೮೧೪

ಡಾರ್ಕಸ್,

ವಿಚಾರಿಸಲು ಒಬ್ಬ ಗುಮಾಸ್ತ ಬಂದಿದ್ದ. ಹೌದು, ಮಚಾಯಸ್‌ನಲ್ಲೇ ಎಂದೆ. ಆ ದಿನ ಮಳೆ ಬರುತ್ತಿತ್ತು, ನಮ್ಮ ತಾಯಿ ಗಂಜಿ ಕಾಯಿಸಿದ್ದಳು ಎಂದೂ ಹೇಳಿದೆ. ಮನೆಮನೆಗೂ ಹೋಗಿ ಕೇಳಿದ. ನನ್ನ ಕಡೆ ಉಗುಳಿದವರೂ ಮಚಾಯಸ್ ಎಂದೇ ಹೇಳಿದರು. ಯಾರಿಗೂ ನಾನು ಹೇಳಿಕೊಟ್ಟಿರಲಿಲ್ಲ.

ಆದರೂ ಅವನು ಹೋಗಿಲ್ಲ. ಹಿಂದಿನ ಕೋಣೆಯ ಕಿಟಕಿಯಿಂದ ಒಳಗೆ ಇಣುಕಿ ನೋಡುವುದನ್ನು ಎರಡು ಸಲ ಕಂಡೆ.

ಕೆಜಾಯ


ಸೇಂಟ್ ಆ್ಯಂಡ್ರೂಸ್,
೨೧ ಮೇ ೧೮೧೫

ಪ್ರೀತಿಯ ಅಕ್ಕ,

ಒಪ್ಪಂದವಾಯಿತು, ಯುದ್ಧ ಮುಗಿಯಿತು, ಏಸಾ ಮಚಾಯಸ್ ತಲುಪಿದ ಎಂದು ಪೆಲಗ್ ಹೇಳಿದ. ನೀನು ಅವನನ್ನು ಕಂಡು ಬಂದೆಯಂತೆ. ಹೇಗಿದ್ದಾನೆ ಎಂದು ನನಗೆ ಬರೆಯಬಹುದಿತ್ತು. ಬರೆಯಲಿಲ್ಲ. ಅದನ್ನು ಕೇಳುವ ಹಕ್ಕು ನನಗಿಲ್ಲ.

ಎಲ್ಲ ಊರುಗಳನ್ನೂ ಹಿಂದಕ್ಕೆ ಕೊಟ್ಟರಂತೆ, ನಿಮ್ಮ ದ್ವೀಪವನ್ನು ಮಾತ್ರ ಕೊಟ್ಟಿಲ್ಲ. ಅದು ಯಾರದು ಎಂದು ಎರಡೂ ಕಡೆಯ ಆಯುಕ್ತರು ಕೂತು ತೀರ್ಮಾನಿಸುತ್ತಾರಂತೆ. ಎಷ್ಟು ವರ್ಷ ಬೇಕೋ. ಅಲ್ಲಿಯವರೆಗೆ ಅಲ್ಲಿ ನಮ್ಮದೇ ಬಾವುಟ. ಏಸಾ ಅಲ್ಲಿಗೆ ಕಾಲಿಡಬಾರದು ಅಕ್ಕ, ತಾಯಿಯನ್ನು ನೋಡುವ ನೆಪದಲ್ಲೂ. ಆ ಕಪ್ತಾನ ಇನ್ನೂ ಮರೆತಿಲ್ಲ ಎಂದು ಇಲ್ಲಿ ಮಾತು.

ನಮ್ಮವರು ಮ್ಯಾಜಿಸ್ಟ್ರೇಟ್ ಕೆಲಸ ಬಿಟ್ಟರು. ಯಾರೂ ಬಿಡಿಸಲಿಲ್ಲ, ಏನೂ ಕೇಳಲಿಲ್ಲ. ಒಂದು ಬೆಳಿಗ್ಗೆ ಕಚೇರಿಗೆ ಹೋದವರು ಬೇಗ ಹಿಂದಿರುಗಿದರು. "ಒಬ್ಬ ರೈತನ ಕೈಗೆ ಬೈಬಲ್ ಕೊಡಬೇಕಿತ್ತು ಡಾರ್ಕಸ್. ನಿಜ ಹೇಳು ಅನ್ನಬೇಕಿತ್ತು. ಬಾಯಿ ಬರಲಿಲ್ಲ" ಎಂದರು. ಅಷ್ಟೇ. ಈಗ ಹಿತ್ತಿಲಲ್ಲಿ ಕೂತಿರುತ್ತಾರೆ. ಹಡಗುಗಳು ಬಂದರೆ ಎದ್ದು ಒಳಗೆ ಬರುತ್ತಾರೆ.

ನನಗೆ ಪಶ್ಚಾತ್ತಾಪವಿಲ್ಲ. ಅವರನ್ನು ಕೇಳುವ ಧೈರ್ಯವೂ ಇಲ್ಲ.

ಡಾರ್ಕಸ್


ಮೂಸ್ ದ್ವೀಪ,
೩ ಜುಲೈ ೧೮೧೮

ಪ್ರೀತಿಯ ಡಾರ್ಕಸ್,

ಮೂರು ವರ್ಷದಿಂದ ನಿನ್ನ ಪತ್ರಕ್ಕೆ ಉತ್ತರ ಬರೆಯುತ್ತಲೇ ಇದ್ದೇನೆ, ಮುಗಿಸಲು ಬರಲಿಲ್ಲ. ಇವತ್ತು ಮುಗಿಸುತ್ತೇನೆ.

ಆಯುಕ್ತರ ತೀರ್ಪು ನಿನಗೆ ತಿಳಿದೇ ಇರುತ್ತದೆ. ಮೂಸ್ ದ್ವೀಪ ಮೊದಲಿಂದಲೂ ಅಮೆರಿಕದ್ದಂತೆ. ಮೊದಲಿಂದಲೂ! ಹಾಗಾದರೆ ಏಸಾ ಈ ಮನೆಯಲ್ಲಿ ಹುಟ್ಟಿದ್ದರೂ ರಾಜನ ಪ್ರಜೆಯಾಗಿರಲಿಲ್ಲ, ನೀನು ಹೇಳಿದ ಮಾತು ಬೇಕಾಗಿಯೇ ಇರಲಿಲ್ಲ. ಅವರು ಇದನ್ನು ನಾಲ್ಕು ವರ್ಷ ಮೊದಲು ಕೂತು ಹೇಳಿದ್ದರೆ ನಿನ್ನ ಗಂಡ ಇವತ್ತೂ ತಲೆ ಎತ್ತಿ ನ್ಯಾಯಪೀಠದಲ್ಲಿ ಕೂರುತ್ತಿದ್ದರು.

ಮಂಗಳವಾರ ಬಾವುಟ ಬದಲಾಯಿತು. ಎರಡೂ ಕಡೆಯ ಅಧಿಕಾರಿಗಳು ಕೈ ಕುಲುಕಿದರು, ಒಬ್ಬರಿಗೊಬ್ಬರು ಟೋಪಿ ತೆಗೆದರು. ಆ ದಿನ ಆಣೆ ಮಾಡದೆ ಊರು ಬಿಟ್ಟವರೆಲ್ಲ ಹಿಂದಿರುಗಿದ್ದಾರೆ. ಅವರು ಆಣೆ ಮಾಡಿದ ನಮ್ಮನ್ನು ಮಾತಾಡಿಸುವುದಿಲ್ಲ. ನಿನ್ನೆ ಬೆಳಿಗ್ಗೆ ನನ್ನ ಬಾಗಿಲ ಮೇಲೆ ಯಾರೋ ಇದ್ದಲಿನಲ್ಲಿ ಕಿರೀಟ ಬರೆದು ಹೋಗಿದ್ದರು. ಸಾಬೂನು ಹಾಕಿ ತಿಕ್ಕಿದರೂ ಪೂರ್ತಿ ಹೋಗಿಲ್ಲ.

ಏಸಾ ಮೊದಲ ಸಲ ಮಚಾಯಸ್‌ನಿಂದ ಬಂದ. ಹೊಗೆಮನೆಯ ಕಡೆ ನೋಡದೆ ಸುತ್ತಿಕೊಂಡು ಬಂದು ಅಡುಗೆಮನೆಯಲ್ಲಿ ಕೂತ. ಅವನು ಎದುರಿಗಿರುವಾಗ ನಾನು ಒಲೆ ಹಚ್ಚುವುದಿಲ್ಲ, ತಣ್ಣಗಿನದನ್ನೇ ಬಡಿಸುತ್ತೇನೆ. ಇಬ್ಬರೂ ಅದರ ಮಾತೆತ್ತುವುದಿಲ್ಲ. ನೀವಿಬ್ಬರು ಹಡಗಿನ ಮೇಲೆ ನಿಂತದ್ದನ್ನು ಮಾತ್ರ ಪೂರ್ತಿ ಹೇಳಿದ. "ಚಿಕ್ಕಪ್ಪ ಹೇಳಿ ಮುಗಿಸಿ ಕೂತಾಗ ಮುದುಕರ ಥರ ಕೂತ್ರು ಅಮ್ಮ" ಎಂದ. ಅದನ್ನು ಕೇಳಿದ ಮೇಲೆ ನಿನಗೆ ಬರೆಯದೆ ಇರಲಾಗಲಿಲ್ಲ. ಬಾ ಡಾರ್ಕಸ್. ಅವರನ್ನೂ ಕರೆದುಕೊಂಡು ಬಾ. ಊರಿನವರು ಏನೆಂದರೂ ಎನ್ನಲಿ, ನನ್ನ ಮೇಜಿನ ಹಿರಿಯರ ಕುರ್ಚಿ ಅವರದು.

ಇಷ್ಟಕ್ಕೇ ನಿಲ್ಲಿಸೋಣ ಎಂದುಕೊಂಡಿದ್ದೆ. ಈಗ ಮಧ್ಯಾಹ್ನ ಇನ್ನೊಂದು ನಡೆಯಿತು.

ಊರಿನಲ್ಲಿ ಯಾರು ಯಾರಿದ್ದಾರೆ ಎಂದು ಬರೆದುಕೊಳ್ಳಲು ನಮ್ಮ ಕಡೆಯ ಅಧಿಕಾರಿ ಬಂದ. ನಮ್ಮದೇ ನೀಲಿ ಕೋಟು, ನಗುಮುಖದ ಹುಡುಗ. ಏಸಾನನ್ನು ಕಂಡೊಡನೆ ಅವನ ಕೈ ಹಿಡಿದು ಕುಲುಕಿದ. "ನಿಮ್ಮಂಥೋರಿಗೋಸ್ಕರನೇ ಅಲ್ವಾ ಇಷ್ಟೆಲ್ಲ ನಡೆದಿದ್ದು! ಇನ್ನು ಯಾರ ಭಯವೂ ಇಲ್ಲ. ಹೇಳಿ, ಹುಟ್ಟಿದ್ದು ಇದೇ ಊರಲ್ಲಿ ತಾನೆ?"

ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು. ಕೂತಲ್ಲಿಂದಲೇ ಮಂಚ ಕಾಣುತ್ತಿತ್ತು. ನಾನು ಹೌದು ಎನ್ನಲು ಬಾಯಿ ತೆರೆದೆ.

"ಅಲ್ಲ. ಮಚಾಯಸ್" ಎಂದ ಏಸಾ.

ಅಧಿಕಾರಿ ಹಾಗೆಯೇ ಬರೆದುಕೊಂಡು ಹೋದ. ಮೆಟ್ಟಿಲು ಇಳಿಯುವ ಸದ್ದು ನಿಂತ ಮೇಲೆ ನಾನು ಕೇಳಿದೆ, "ಈಗ ನಮ್ಮದೇ ಬಾವುಟ ಅಲ್ಲೇನೋ? ಈಗ್ಯಾಕೆ ಆ ಮಾತು?"

ಅವನು ಎದ್ದು ಹೋಗಿ ಕೋಣೆಯ ಬಾಗಿಲು ಎಳೆದುಕೊಂಡ.

"ಮುಂದಿನ ಸಲ ಯಾರು ಬಂದು ಕೇಳ್ತಾರೋ ಗೊತ್ತಿಲ್ಲವಲ್ಲಮ್ಮ" ಎಂದ.

ನಿನ್ನ ಅಕ್ಕ,
ಕೆಜಾಯ